ಗಡಿಯಿಂದ ಕುನ್ಮಿಂಗ್‌ವರೆಗೆ ಮೀಟರ್ ಗೇಜ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಚೀನಾದ ಹೈಸ್ಪೀಡ್ ರೈಲಿನ ಬಗ್ಗೆ ಬರೀತಾ ಕೊನೇಲಿ ಒಂದು ಸಾಲು ಸೇರಿಸಿದ್ದೆ. ದಕ್ಷಿಣದ ಯುನ್ನಾನ್ ಪ್ರಾಂತ್ಯದಲ್ಲಿ ಫ್ರೆಂಚರು ಹಾಕಿದ ನೂರು ವರ್ಷ ದಾಟಿದ ಮೀಟರ್ ಗೇಜ್ ಲೈನ್ ಇನ್ನೂ ಉಳ್ಕೊಂಡಿದೆ ಅಂತ. ಈ ಸಲ ಬಂದಿರೋ ಪತ್ರ, ಮೆಸೇಜ್ ಎಲ್ಲಾ ಆ ಒಂದು ಸಾಲಿನ ಬಗ್ಗೆನೇ. ಹಾಗಾಗಿ ಈ ಸಂಚಿಕೆಯ ಜಾಗ ಪೂರ್ತಿ ಅದಕ್ಕೇ ಬಿಟ್ಟಿದ್ದೀನಿ. ನನಗೂ ತುಂಬಾ ಇಷ್ಟವಾದ ವಿಷಯ ಇದು.

ಪ್ರಶ್ನೆ: ಚೀನಾದ ನೆಲದಲ್ಲಿ ಫ್ರೆಂಚರು ಯಾಕೆ ರೈಲು ಹಾಕಿದ್ರು ಸರ್? ಚೀನಾ ಯಾವತ್ತೂ ಫ್ರಾನ್ಸಿನ ಕೈಲಿ ಇರಲಿಲ್ಲ ಅಲ್ವಾ?

ಇರಲಿಲ್ಲ ನಿಜ, ಆದ್ರೆ ಪಕ್ಕದ ವಿಯೆಟ್ನಾಂ ಇತ್ತಲ್ಲ. ಹತ್ತೊಂಬತ್ತನೇ ಶತಮಾನದ ಕೊನೇಲಿ ಚೀನಾ ಆಳ್ತಿದ್ದ ಚಿಂಗ್ ಅರಸರ ಕೈ ಸೋತುಹೋಗಿತ್ತು, ಯೂರೋಪಿನ ಒಂದೊಂದು ದೇಶವೂ ಚೀನಾದ ಒಂದೊಂದು ಮೂಲೆ ತನಗೆ ಅಂತ ಲೆಕ್ಕ ಹಾಕ್ಕೊಂಡು ಕೂತಿತ್ತು, ಫ್ರಾನ್ಸಿನ ಕಣ್ಣು ಯುನ್ನಾನ್ ಮೇಲಿತ್ತು. 1895ರ ಒಪ್ಪಂದದಲ್ಲಿ ವಿಯೆಟ್ನಾಂ ಕಡೆಯ ರೈಲನ್ನ ಚೀನಾದೊಳಗೆ ತರಬಹುದು ಅಂತ ಬರೆಸಿಕೊಂಡ್ರು, 1898ರಲ್ಲಿ ಗಡಿಯಿಂದ ಯುನ್ನಾನ್ ರಾಜಧಾನಿ ಕುನ್ಮಿಂಗ್‌ವರೆಗೂ ಲೈನ್ ಹಾಕೋ ಹಕ್ಕನ್ನೇ ತಗೊಂಡ್ರು. ಇದರ ಹಿಂದೆ ಬಿದ್ದವರು ಆಗ ಇಂಡೋಚೀನಾದ, ಅಂದ್ರೆ ವಿಯೆಟ್ನಾಂ ಸುತ್ತಲಿನ ಫ್ರೆಂಚ್ ವಸಾಹತಿನ, ಗವರ್ನರ್ ಜನರಲ್ ಆಗಿದ್ದ ಪಾಲ್ ದೂಮೇರ್, ಮುಂದೆ ಫ್ರಾನ್ಸಿನ ಅಧ್ಯಕ್ಷರಾಗಿ 1932ರಲ್ಲಿ ಗುಂಡೇಟಿಗೆ ಸತ್ತರಲ್ಲ, ಅವರೇ.

ಅವರಿಗೆ ಬೇಕಾಗಿದ್ದು ತವರ. ಗೆಜಿಯು ಅನ್ನೋ ಊರಿನ ಸುತ್ತ ಬೆಟ್ಟಗಳಲ್ಲಿ ತವರದ ಅದಿರು ಬೇಕಾದಷ್ಟಿದೆ, ಶತಮಾನಗಳಿಂದ ಅಲ್ಲಿ ಗಣಿ ಕೆಲಸ ನಡೀತಾನೇ ಇತ್ತು. ಅದನ್ನ ಹೇಸರಗತ್ತೆ ಮೇಲೆ ಹೇರಿ ಕೆಂಪು ನದಿವರೆಗೆ ತಂದು, ಅಲ್ಲಿಂದ ದೋಣಿಗೆ ಹಾಕಿ ಕೆಳಗೆ ಕಳಿಸ್ತಿದ್ರು. ರೈಲು ಬಂದ್ರೆ ಆ ಸರಕು ಪೂರ್ತಿ ಫ್ರೆಂಚರ ಹೈಫಾಂಗ್ ಬಂದರಿಗೆ ಇಳಿಯುತ್ತೆ, ವಾಪಸ್ ಬರೋ ಗಾಡಿಯಲ್ಲಿ ಬಟ್ಟೆ, ಸೀಮೆಎಣ್ಣೆ, ಯಂತ್ರ ಎಲ್ಲಾ ಮೇಲೆ ಹತ್ತುತ್ತೆ.

ಊರಿನ ಜನ ಸುಮ್ನಿರಲಿಲ್ಲ. 1899ರಲ್ಲಿ ಗೆಜಿಯು ಪಕ್ಕದ ಮೆಂಗ್‌ಜಿ ಊರಲ್ಲಿ ಜನ ರೊಚ್ಚಿಗೆದ್ದು ಕಸ್ಟಮ್ಸ್ ಕಚೇರಿಗೇ ಬೆಂಕಿ ಹಚ್ಚಿದ್ರು. 1903ರಲ್ಲಿ ಗೆಜಿಯು ಗಣಿ ಕಾರ್ಮಿಕರು ಝೌ ಯುನ್‌ಶಿಯಾಂಗ್ ಅನ್ನೋರ ಹಿಂದೆ ನಿಂತು ರೈಲೇ ಬೇಡ ಅಂತ ದಂಗೆ ಎದ್ರು. ಎರಡನ್ನೂ ಹತ್ತಿಕ್ಕಿದ್ರು, ರೈಲು ಬಂತು. ಆದ್ರೆ ಆ ಸಿಟ್ಟು ಆರಲಿಲ್ಲ, ಅದು ಬೇರೆ ದಾರಿ ಹಿಡೀತು, ಅದಕ್ಕೆ ಮುಂದೆ ಬರ್ತೀನಿ.

ಪ್ರಶ್ನೆ: ಲೈನ್ ಎಷ್ಟು ಉದ್ದ, ಎಷ್ಟು ವರ್ಷ ಹಿಡೀತು? ಆ ಬೆಟ್ಟದಲ್ಲಿ ಕೆಲಸ ಮಾಡಿದವರ ಬಗ್ಗೆನೂ ಸ್ವಲ್ಪ ಬರೀರಿ, ಎಲ್ಲಾ ಕಡೆ ಇಂಜಿನಿಯರ್‌ಗಳ ಹೆಸರು ಮಾತ್ರ ಬರುತ್ತೆ.

ಕೊನೇ ಮಾತು ಕೇಳಿದ್ದಕ್ಕೆ ಥ್ಯಾಂಕ್ಸ್. ಮೊದಲು ಲೆಕ್ಕ ಹೇಳಿಬಿಡ್ತೀನಿ. ಹೈಫಾಂಗ್ ಬಂದರಿಂದ ಹನೋಯ್ ಮೇಲೆ ಗಡಿಯ ಲಾವೊ ಕಾಯ್‌ವರೆಗೆ ಸುಮಾರು 390 ಕಿಲೋಮೀಟರ್, ಅಲ್ಲಿಗೆ ರೈಲು ಬಂದಿದ್ದು 1906ರಲ್ಲಿ. ನದಿ ದಾಟಿದ್ರೆ ಚೀನಾದ ಹೆಕೌ, ಅಲ್ಲಿಂದ ಕುನ್ಮಿಂಗ್‌ಗೆ ಸುಮಾರು 465 ಕಿಲೋಮೀಟರ್. ಚೀನಾ ಕಡೆ ಕೆಲಸ ಶುರುವಾಗಿದ್ದು 1904ರ ಹೊತ್ತಿಗೆ, ರೈಲು ಓಡಿದ್ದು 1910ರ ಏಪ್ರಿಲ್‌ನಲ್ಲಿ. ಹಳಿ ಅಗಲ ಒಂದು ಮೀಟರ್, ಸುರಂಗ 150ಕ್ಕೂ ಮೇಲೆ. ಖರ್ಚು ಅಂದಾಜನ್ನ ಎಲ್ಲೋ ಹಿಂದೆ ಬಿಟ್ಟು 16 ಕೋಟಿ ಫ್ರಾಂಕ್ ದಾಟಿತ್ತು.

ಆದ್ರೆ ಈ ಲೈನ್ ಅರ್ಥ ಆಗಬೇಕು ಅಂದ್ರೆ ಎತ್ತರದ ಲೆಕ್ಕ ನೋಡಬೇಕು. ಹೆಕೌ ಇರೋದು ಸಮುದ್ರಮಟ್ಟದಿಂದ 76 ಮೀಟರ್ ಎತ್ತರದಲ್ಲಿ, ಇಡೀ ಯುನ್ನಾನ್‌ನಲ್ಲಿ ಅದಕ್ಕಿಂತ ತಗ್ಗು ಜಾಗ ಇಲ್ಲ. ಕುನ್ಮಿಂಗ್ ಇರೋದು 1,890 ಮೀಟರ್ ಆಸುಪಾಸು. ನಡುವೆ ಒಂದು ಕಡೆ ಲೈನ್ 2,000 ಮೀಟರ್ ದಾಟುತ್ತೆ. ಬಿಸಿಲಿಗೆ ಬೇಯೋ ಕಾಡಿನಿಂದ ಹೊರಟು ತಂಪಾದ ಪ್ರಸ್ಥಭೂಮಿಗೆ ಹತ್ತಬೇಕು, ಮೊದಲ ಹತ್ತುವಿಕೆ ಪೂರ್ತಿ ನಾನ್ಶಿ ನದಿ ಕಣಿವೆಯಲ್ಲಿ, ಫ್ರೆಂಚರು ಅದನ್ನ ನಾಮ್ತಿ ಅಂತಿದ್ರು.

ಆ ಕಣಿವೆನೇ ಜನರನ್ನ ತಿಂದಿದ್ದು. ಮಲೇರಿಯಾ. ಸ್ಥಳೀಯರು ಮಳೆಗಾಲದಲ್ಲಿ ಆ ಕಡೆ ತಲೆನೂ ಹಾಕ್ತಿರಲಿಲ್ಲ, ಬೆಟ್ಟದ ಮೇಲೇ ಇದ್ದುಬಿಡೋರು. ಹಾಗಾಗಿ ಕೂಲಿಯವರನ್ನ ದೂರದಿಂದ ತಂದ್ರು, ಗುವಾಂಗ್‌ಡಾಂಗ್, ಗುವಾಂಗ್ಶಿ, ಸಿಚುವಾನ್, ಇನ್ನೂ ಆಚೆ ಉತ್ತರದ ತಿಯಾನ್‌ಜಿನ್ ಕಡೆಯಿಂದ. ಹಿಮ ಬೀಳೋ ಊರಿಂದ ಬಂದ ಮನುಷ್ಯ, ಆ ಕಣಿವೆಯ ಸೆಕೆ, ಸೊಳ್ಳೆ, ಇರೋಕೆ ಒಂದು ಹುಲ್ಲಿನ ಜೋಪಡಿ, ಜ್ವರ ಬಂದ್ರೆ ನೋಡೋರಿಲ್ಲ, ಬಂದ ಕೆಲವೇ ವಾರದಲ್ಲಿ ಗುಂಪು ಗುಂಪೇ ಸತ್ತಿದೆ. ಒಟ್ಟು ಕೆಲಸ ಮಾಡಿದವರು ಸುಮಾರು 60,000, ಸತ್ತವರು ಸುಮಾರು 12,000 ಅನ್ನೋದು ಸಾಮಾನ್ಯವಾಗಿ ಕೊಡೋ ಲೆಕ್ಕ. ಐದರಲ್ಲಿ ಒಬ್ಬರು! ಒಂದೊಂದು ಸ್ಲೀಪರಿಗೂ ಒಂದೊಂದು ಜೀವ ಅಂತ ಯುನ್ನಾನ್‌ನಲ್ಲಿ ಇವತ್ತಿಗೂ ಹೇಳ್ತಾರೆ. ನೀವು ಹೇಳಿದ್ದು ಸರಿ, ಇವರ ಹೆಸರು ಎಲ್ಲೂ ಸಿಗಲ್ಲ, ಸೇತುವೆ ಡಿಸೈನ್ ಮಾಡಿದವರ ಹೆಸರು ಮಾತ್ರ ಸಿಗುತ್ತೆ, ಇದನ್ನ ಬರೆಯುವಾಗೆಲ್ಲ ನನಗೆ ಸಂಕಟ ಆಗುತ್ತೆ.

ಪ್ರಶ್ನೆ: ಎರಡು ಬೆಟ್ಟದ ನಡುವೆ ಕಾಲು ಅಗಲಿಸಿ ನಿಂತ ಹಾಗಿರೋ ಒಂದು ಕಬ್ಬಿಣದ ಸೇತುವೆಯ ಫೋಟೋ ವಾಟ್ಸಾಪಲ್ಲಿ ಬಂದಿತ್ತು. ಅದು ಈ ಲೈನಿನದ್ದೇನಾ? ನಿಜವಾಗ್ಲೂ ಇದೆಯಾ?

ಇದೆ, ಈ ಲೈನಿನದ್ದೇ, ಪಿಂಗ್‌ಬಿಯಾನ್ ಕಡೆ ಇದೆ. ಚೀನಾದವರು ರೆನ್‌ಝಿ ಸೇತುವೆ ಅಂತಾರೆ. ಚೀನೀ ಲಿಪಿಯಲ್ಲಿ ‘ರೆನ್’ ಅಂದ್ರೆ ಮನುಷ್ಯ, ಆ ಅಕ್ಷರ ಬರೆಯೋದೇ ಎರಡು ಗೆರೆ ಎಳೆದು, ಮೇಲೆ ಕೂಡಿ ಕೆಳಗೆ ಅಗಲ ಆಗೋ ಥರ. ಸೇತುವೆಯ ಆಕಾರನೂ ಅದೇ. ಡಿಸೈನ್ ಮಾಡಿದವರು ಫ್ರೆಂಚ್ ಇಂಜಿನಿಯರ್ ಪಾಲ್ ಬೋದೆನ್, ಕಟ್ಟಿ ಮುಗಿಸಿದ್ದು 1908ರಲ್ಲಿ. ಉದ್ದ 67 ಮೀಟರ್ ಅಷ್ಟೇ, ಆದ್ರೆ ಕೆಳಗಿನ ನೀರಿಂದ ಎತ್ತರ ಸುಮಾರು 100 ಮೀಟರ್. ಈ ಕಡೆ ಸುರಂಗದಿಂದ ಹೊರಗೆ ಬಂದ ರೈಲು ಸೇತುವೆ ದಾಟಿ ಸೀದಾ ಆ ಕಡೆ ಸುರಂಗದೊಳಗೆ ನುಗ್ಗುತ್ತೆ, ಕೂತವರಿಗೆ ಬೆಳಕು ಕಾಣೋದು ಕೆಲವು ಸೆಕೆಂಡ್ ಮಾತ್ರ.

ಅಲ್ಲಿ ಕಂಬ ಎಬ್ಬಿಸೋಕೆ ತಳನೇ ಇಲ್ಲ, ಎರಡೂ ಕಡೆ ಗೋಡೆ ಥರ ಬಂಡೆ, ಕೆಳಗೆ ಕಂದಕ. ಹಾಗಾಗಿ ಒಂದೊಂದು ಕಡೆಯ ಬಂಡೆಗೂ ಒಂದೊಂದು ಕಬ್ಬಿಣದ ಕಾಲನ್ನ ನೆಟ್ಟಗೆ ನಿಲ್ಲಿಸಿ ಜೋಡಿಸಿದ್ರು. ಬುಡಕ್ಕೆ ತಿರುಗೋ ಕೀಲು ಇಟ್ಟು ತಲೆಗೆ ಸರಪಳಿ ಕಟ್ಟಿ, ಎರಡನ್ನೂ ಒಂದರ ಕಡೆಗೊಂದು ನಿಧಾನಕ್ಕೆ ಬಗ್ಗಿಸುತ್ತಾ ಬಂದು ಕಂದಕದ ನಡುಮಧ್ಯ ಕೂಡಿಸಿದ್ರು. ಆಮೇಲೆ ಅದರ ಹೆಗಲ ಮೇಲೆ ಹಳಿ. ಸ್ವಲ್ಪ ಹೆಚ್ಚುಕಮ್ಮಿ ಆಗಿದ್ರೂ ಎಲ್ಲಾ ಹೊಳೆಗೆ ಹೋಗ್ತಿತ್ತು.

ಇನ್ನೊಂದು ಸಂಗತಿ ನನ್ನ ತಲೆಯಿಂದ ಹೋಗೋದೇ ಇಲ್ಲ. ಅಲ್ಲಿಗೆ ಆಗ ಗಾಡಿದಾರಿ ಇರಲಿಲ್ಲ, ಸಾಮಾನೆಲ್ಲ ಹೆಗಲ ಮೇಲೆ, ಹೇಸರಗತ್ತೆ ಮೇಲೆ ಬರಬೇಕು. ಅದಕ್ಕೇ ಕಬ್ಬಿಣದ ಒಂದೊಂದು ತುಂಡೂ ಸುಮಾರು ನೂರು ಕೆಜಿ, ಎರಡೂವರೆ ಮೀಟರ್ ಉದ್ದ ದಾಟದ ಹಾಗೆ ಫ್ರಾನ್ಸಲ್ಲೇ ಮಾಡಿಸಿದ್ರಂತೆ. ಸರಿ, ಕಬ್ಬಿಣ ತುಂಡು ಮಾಡಬಹುದು, ಸರಪಳಿ ಏನ್ ಮಾಡ್ತೀರಿ? ಅದನ್ನ ಕಡಿಯೋ ಹಾಗಿಲ್ಲ. 350 ಮೀಟರಿಗೂ ಉದ್ದದ, ಟನ್‌ಗಟ್ಟಲೆ ಭಾರದ ಸರಪಳಿಯನ್ನ ಇನ್ನೂರು ಜನ ಸಾಲಾಗಿ ನಿಂತು ಹೆಗಲಿಗೇರಿಸಿಕೊಂಡು, ಒಂದು ಉದ್ದ ಹಾವಿನ ಹಾಗೆ ಬೆಟ್ಟದ ತಿರುವು ತಿರುವಿನಲ್ಲೂ ಬಾಗಿ ಬಳುಕಿ ಮೂರು ದಿನ ನಡೆದು ತಂದು ಮುಟ್ಟಿಸಿದ್ರು. ಯೋಚನೆ ಮಾಡಿ, ಒಬ್ಬನ ಕಾಲು ಜಾರಿದ್ರೆ ಅವನ ಭಾರನೂ ಹಿಂದೆ ಮುಂದೆ ಇದ್ದವರ ಹೆಗಲಿಗೆ ಬೀಳುತ್ತೆ, ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೀಬೇಕು, ಮೂರು ದಿನ.

ಆ ಸೇತುವೆ ಮೇಲೆ ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿಮಾನಗಳು ಬಾಂಬ್ ಹಾಕಿದ್ವು, ಬೀಳಲಿಲ್ಲ. 2006ರಲ್ಲಿ ಚೀನಾ ಸರ್ಕಾರ ಅದನ್ನ ರಾಷ್ಟ್ರೀಯ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ.

ಪ್ರಶ್ನೆ: ಅದೇ ಜಾಗದಲ್ಲಿ ಮೀಟರ್ ಗೇಜಿಗಿಂತ ಚಿಕ್ಕ ಇನ್ನೊಂದು ರೈಲೂ ಇತ್ತಂತೆ. ಎರಡೆರಡು ಅಳತೆ ಯಾಕೆ? ಒಂದೇ ಗೇಜ್ ಹಾಕಿದ್ರೆ ಅನುಕೂಲ ಅಲ್ವಾ?

ಅನುಕೂಲ ಆಗಬಾರದು ಅಂತಾನೇ ಹಾಕಿದ್ದು! ಆ ಸಿಟ್ಟು ಬೇರೆ ದಾರಿ ಹಿಡೀತು ಅಂದ್ನಲ್ಲ, ಅದು ಇದೇ.

ಫ್ರೆಂಚರ ಲೈನ್ ಗೆಜಿಯು ತವರದ ಗಣಿಗಳ ತನಕ ಹೋಗಿರಲಿಲ್ಲ, ಪಕ್ಕದಲ್ಲಿ ಹಾದುಹೋಗಿತ್ತು ಅಷ್ಟೇ. ಅಲ್ಲಿಂದ ಒಂದು ಕವಲು ಹಾಕಬೇಕು ಅನ್ನೋ ಆಸೆ ಅವರಿಗಿತ್ತು. ಗೆಜಿಯು ವ್ಯಾಪಾರಸ್ಥರು, ಊರಿನ ದೊಡ್ಡವರು ಸೇರಿ, ನಮ್ಮ ಗಣಿಗೆ ನಮ್ಮದೇ ರೈಲು ಅಂತ ನಿಂತ್ರು. ತವರದ ವ್ಯಾಪಾರದ ಮೇಲೆ ವಂತಿಗೆ ಹಾಕಿ, ಷೇರು ಮಾರಿ ದುಡ್ಡು ಹೊಂದಿಸಿ 1915ರಲ್ಲಿ ಕೆಲಸ ಶುರು ಮಾಡಿದ್ರು. ಹಳಿಯ ಅಗಲ ಎಷ್ಟು ಇಟ್ರು ಗೊತ್ತಾ? 600 ಮಿಲಿಮೀಟರ್. ಎರಡಡಿಗಿಂತ ಚೂರು ಕಮ್ಮಿ. ಫ್ರೆಂಚರ ಇಂಜಿನ್ನಾಗಲಿ ಬೋಗಿಯಾಗಲಿ ಆ ಹಳಿ ಹತ್ತೋಕೇ ಆಗಬಾರದು. ಬೆಟ್ಟದಲ್ಲಿ ಸಣ್ಣ ಹಳಿಗೆ ಖರ್ಚೂ ಕಮ್ಮಿ, ತಿರುವೂ ಸುಲಭ, ಅದೂ ಒಂದು ಲಾಭ, ಆದ್ರೆ ಯುನ್ನಾನ್ ಜನ ಇವತ್ತಿಗೂ ಎದೆ ತಟ್ಟಿ ಹೇಳೋದು ಮೊದಲನೇ ಕಾರಣ. ನನಗೂ ಅದೇ ದೊಡ್ಡದಾಗಿ ಕಾಣುತ್ತೆ. ಸೈನ್ಯ ಇಲ್ಲದ, ಸರ್ಕಾರದ ಬಲ ಇಲ್ಲದ ಒಂದು ಊರಿನ ಜನ ನಲವತ್ತು ಸೆಂಟಿಮೀಟರ್ ವ್ಯತ್ಯಾಸದಲ್ಲಿ ತಮ್ಮ ಗಣಿಯ ಬಾಗಿಲಿಗೆ ಅಗುಳಿ ಹಾಕ್ಕೊಂಡ್ರು.

ಕೆಲಸ ಆಮೆ ವೇಗದಲ್ಲಿ ನಡೀತು, ದುಡ್ಡು ಬಂದಾಗ ಹಳಿ, ಇಲ್ಲಾಂದ್ರೆ ಇಲ್ಲ. ಗೆಜಿಯು ತನಕ 1921ರಲ್ಲಿ, ಜಿಯಾನ್‌ಶುಯಿ ತನಕ 1928ರಲ್ಲಿ, ಕೊನೇ ಊರು ಶಿಪಿಂಗ್‌ಗೆ 1936ರಲ್ಲಿ. ಒಟ್ಟು ಸುಮಾರು 177 ಕಿಲೋಮೀಟರಿಗೆ ಇಪ್ಪತ್ತೊಂದು ವರ್ಷ. ಇಂಜಿನ್ ತರಿಸಿದ್ದು ಅಮೆರಿಕದ ಬಾಲ್ಡ್ವಿನ್ ಕಂಪನಿಯಿಂದ.

ಎರಡು ಲೈನೂ ಸೇರ್ತಿದ್ದಿದ್ದು ಬಿಸೆಝಾಯ್ ಅನ್ನೋ ಹಳ್ಳಿಯಲ್ಲಿ. ಒಂದು ಕಡೆ ಹಳದಿ ಗೋಡೆಯ ಫ್ರೆಂಚ್ ಸ್ಟೇಷನ್, ಒಂದು ಮೀಟರಿನ ಹಳಿ, ಇನ್ನೊಂದು ಕಡೆ ಅಂಗೈ ಅಗಲದ ಗಾಡಿಗಳು. ಗೇಜ್ ಬೇರೆ ಆದಮೇಲೆ ಬೋಗಿ ಈ ಹಳಿಯಿಂದ ಆ ಹಳಿಗೆ ಹೋಗಲ್ಲ, ತವರದ ಒಂದೊಂದು ಗಟ್ಟಿಯನ್ನೂ ಕೂಲಿಯವರು ಈ ಗಾಡಿಯಿಂದ ಇಳಿಸಿ ಆ ಗಾಡಿಗೆ ಹೊರಬೇಕು. ಹಾಗಾಗಿ ಬೆಟ್ಟದ ನಡುವಿನ ಆ ಹಳ್ಳಿಯಲ್ಲಿ ಗೋಡೌನು, ವಿದೇಶಿ ಕಂಪನಿಗಳ ಕಚೇರಿ, ಹೋಟೆಲು, ಒಂದು ಟೆನಿಸ್ ಕೋರ್ಟು ಕೂಡ ಬಂತು. ಅಗುಳಿ ಹಾಕಿದ್ದಕ್ಕೂ ಒಂದು ಬೆಲೆ ಇತ್ತು ನೋಡಿ, ಅದನ್ನ ದಿನಾ ತೆತ್ತಿದ್ದು ಮತ್ತೆ ಕೂಲಿಯವರ ಬೆನ್ನು.

1970ರ ಹೊತ್ತಿಗೆ ಆ ಲೈನಿನ ಬಹುಭಾಗವನ್ನ ಮೀಟರ್ ಗೇಜಿಗೆ ಅಗಲ ಮಾಡಿದ್ರು. ಫ್ರೆಂಚರು ಹೋಗಿ ಎಷ್ಟೋ ಕಾಲ ಆಗಿತ್ತು, ಅಗುಳಿ ತೆಗೆಯೋಕೆ ಯಾರಿಗೂ ತಕರಾರಿರಲಿಲ್ಲ.

ಪ್ರಶ್ನೆ: “ರೈಲು ಪರದೇಶಕ್ಕೆ ಹೋಗುತ್ತೆ, ಸ್ವದೇಶಕ್ಕೆ ಹೋಗಲ್ಲ” ಅನ್ನೋ ಮಾತು ಯುನ್ನಾನ್ ಬಗ್ಗೆ ಓದಿದ್ದೆ. ಅರ್ಥ ಆಗಲಿಲ್ಲ.

ಯುನ್ನಾನ್‌ನ ಹದಿನೆಂಟು ವಿಚಿತ್ರಗಳು ಅಂತ ಅಲ್ಲೊಂದು ಜನಪ್ರಿಯ ಪಟ್ಟಿ ಇದೆ, ಅದರಲ್ಲಿ ಬರೋ ಮಾತು. ರೈಲಿಗಿಂತ ಬಸ್ಸೇ ಬೇಗ ಅನ್ನೋದೂ ಅದರಲ್ಲೇ ಇದೆ, ಈ ಘಟ್ಟದ ಲೈನ್ ನೋಡಿನೇ ಹೇಳಿದ್ದು. ಶುರುವಿನಲ್ಲಿ ರಾತ್ರಿ ರೈಲೇ ಓಡಿಸ್ತಿರಲಿಲ್ಲ, ಹೆಕೌನಿಂದ ಹೊರಟವರು ಇವತ್ತಿನ ಕೈಯುವಾನ್ ಊರಲ್ಲಿ ರಾತ್ರಿ ತಂಗಿ ಮಾರನೇ ದಿನ ಕುನ್ಮಿಂಗ್ ಸೇರ್ತಿದ್ರು.

ಸ್ವದೇಶದ ಮಾತು ಅಕ್ಷರಶಃ ನಿಜ. 1910ರಲ್ಲೇ ಕುನ್ಮಿಂಗ್‌ನಿಂದ ಹನೋಯ್‌ಗೆ ರೈಲಿತ್ತು, ಆದ್ರೆ ಚೀನಾದ ಉಳಿದ ರೈಲು ಜಾಲಕ್ಕೆ ಕುನ್ಮಿಂಗ್ ಸೇರಿದ್ದು ಗುಯಾಂಗ್ ಕಡೆಯ ಲೈನ್ ಬಂದಮೇಲೆ, ಅಂದ್ರೆ 1966ರಲ್ಲಿ! ಯುದ್ಧ ಬರೋ ತನಕ ಬೀಜಿಂಗ್, ಶಾಂಘೈ ಕಡೆಯಿಂದ ಕುನ್ಮಿಂಗ್‌ಗೆ ಬೇಗ ಬರಬೇಕು ಅಂದ್ರೆ ಹಡಗು ಹತ್ತಿ ಹಾಂಗ್‌ಕಾಂಗ್ ಮೇಲೆ ಹೈಫಾಂಗ್‌ಗೆ ಬಂದು, ಪರದೇಶದ ನೆಲ ದಾಟಿ ಈ ರೈಲಲ್ಲಿ ಮೇಲೆ ಬರಬೇಕಿತ್ತು.

ಇದರಿಂದ ಚರಿತ್ರೆಯೇ ತಿರುಗಿದ ಉದಾಹರಣೆ ಇದೆ. ಚೀನಾ ಗಣರಾಜ್ಯದ ಅಧ್ಯಕ್ಷನಾಗಿದ್ದ ಯುವಾನ್ ಶಿಕಾಯ್ ತಾನೇ ಚಕ್ರವರ್ತಿ ಆಗೋಕೆ ಹೊರಟಾಗ ಅವನ ವಿರುದ್ಧ ನಿಂತ ಜನರಲ್ ತ್ಸಾಯ್ ಅ (Cai E), ಬೀಜಿಂಗ್‌ನಿಂದ ತಪ್ಪಿಸಿಕೊಂಡು ಜಪಾನ್‌ಗೆ ಹೋಗಿ, ಅಲ್ಲಿಂದ ಸಮುದ್ರದ ಮೇಲೆ ವಿಯೆಟ್ನಾಂಗೆ ಬಂದು ಇದೇ ರೈಲು ಹತ್ತಿ 1915ರ ಡಿಸೆಂಬರ್‌ನಲ್ಲಿ ಕುನ್ಮಿಂಗ್ ತಲುಪಿದ್ರು. ಆ ತಿಂಗಳು 25ಕ್ಕೆ ಯುನ್ನಾನ್ ಸ್ವತಂತ್ರ ಅಂತ ಸಾರಿತು, ಮುಂದಿನ ವರ್ಷ ಯುವಾನ್‌ನ ಸಿಂಹಾಸನದ ಆಸೆ ಮುಗೀತು. 1938ರಲ್ಲಿ ಜಪಾನಿನ ದಾಳಿಗೆ ಊರು ಬಿಟ್ಟ ಪೀಕಿಂಗ್, ಚಿಂಗ್ಹುವಾ, ನಾನ್‌ಕಾಯ್ ವಿಶ್ವವಿದ್ಯಾಲಯಗಳ ಒಂದಷ್ಟು ಮೇಷ್ಟ್ರುಗಳು, ವಿದ್ಯಾರ್ಥಿಗಳು ಕಾಲ್ನಡಿಗೆಯಲ್ಲಿ ಬಂದ್ರೆ ಇನ್ನೊಂದಷ್ಟು ಜನ ಇದೇ ಹೈಫಾಂಗ್ ದಾರಿಯಲ್ಲಿ ಬಂದ್ರು, ಕೆಲವು ತಿಂಗಳು ಮೆಂಗ್‌ಜಿಯ ಹಳೇ ಕಸ್ಟಮ್ಸ್ ಕಟ್ಟಡದಲ್ಲೇ ಪಾಠ ನಡೀತು. 1899ರಲ್ಲಿ ಬೆಂಕಿ ಬಿದ್ದಿದ್ದ ಅದೇ ಕಸ್ಟಮ್ಸ್ ನೆನಪಿದೆಯಲ್ಲ! ಕುನ್ಮಿಂಗ್ ಹತ್ತಿರದ ಶಿಲೋಂಗ್‌ಬಾದಲ್ಲಿ 1912ರಲ್ಲಿ ಶುರುವಾದ ಚೀನಾದ ಮೊದಲ ಜಲವಿದ್ಯುತ್ ಕೇಂದ್ರಕ್ಕೆ ಜರ್ಮನಿಯ ಸೀಮೆನ್ಸ್ ಯಂತ್ರಗಳು ಬಂದಿದ್ದೂ ಇದೇ ಹಳಿ ಮೇಲೆ. ಲೂಟಿಗೆ ಅಂತ ಹಾಕಿದ ರೈಲು ಅಂತ ಸಿಟ್ಟು ಬರುತ್ತೆ, ಈ ಸಂಗತಿಗಳು ನೋಡಿದಾಗ ಆ ಸಿಟ್ಟಿನ ಜೊತೆಗೇ ಒಂಥರಾ ಪ್ರೀತಿನೂ ಬರುತ್ತೆ, ಎರಡೂ ನಿಜ.

ಪ್ರಶ್ನೆ: ಯುದ್ಧದಲ್ಲಿ ಚೀನಾದವರೇ ಈ ಹಳಿ ಕಿತ್ತರು ಅನ್ನೋದು ಹೌದಾ?

ಹೌದು. 1940ರಲ್ಲಿ ಜಪಾನ್ ಉತ್ತರ ವಿಯೆಟ್ನಾಂಗೆ ನುಗ್ಗಿತು, ಅಲ್ಲಿಂದ ಇದೇ ರೈಲಲ್ಲಿ ಮೇಲೆ ಬಂದ್ರೆ ಗತಿ ಏನು? ಹೆಕೌ ಸೇತುವೆ ಸಿಡಿಸಿ, ಅಲ್ಲಿಂದ ಬಿಸೆಝಾಯ್ ತನಕ ಸುಮಾರು 177 ಕಿಲೋಮೀಟರ್ ಹಳಿ ಕಿತ್ತುಹಾಕಿದ್ರು, ಆ ಹಳಿಯಲ್ಲಿ ಒಂದಷ್ಟನ್ನ ಕುನ್ಮಿಂಗ್‌ನಿಂದ ಒಳನಾಡಿನ ಕಡೆಗೆ ಹಾಕ್ತಿದ್ದ ಲೈನಿಗೆ ಬಳಸಿದ್ರು. 1946ರ ಒಪ್ಪಂದದಲ್ಲಿ ಫ್ರಾನ್ಸ್ ಹಕ್ಕು ಬಿಟ್ಟುಕೊಡ್ತು, ಕಿತ್ತ ಭಾಗ ಮತ್ತೆ ಕಟ್ಟಿ ಪೂರ್ತಿ ಓಡಿಸೋಕೆ 1957 ಆಯ್ತು.

ಪ್ರಶ್ನೆ: ಈಗ ಹನೋಯ್‌ನಿಂದ ಕುನ್ಮಿಂಗ್‌ಗೆ ರೈಲಲ್ಲಿ ಹೋಗಬಹುದಾ? ಹಳೇ ಲೈನಲ್ಲಿ ಕೂರೋ ಆಸೆ ಇದೆ.

ಒಂದೇ ರೈಲಲ್ಲಿ ಆಗಲ್ಲ. ಹನೋಯ್‌ನಿಂದ ಲಾವೊ ಕಾಯ್‌ಗೆ ರಾತ್ರಿ ರೈಲಿದೆ, ಮೀಟರ್ ಗೇಜೇ. ಅಲ್ಲಿ ಇಳಿದು ಗಡಿಯ ಸೇತುವೆ ದಾಟಿ, ಪಾಸ್‌ಪೋರ್ಟ್ ಶಾಸ್ತ್ರ ಮುಗಿಸಿ, ಹೆಕೌ ಉತ್ತರ ಸ್ಟೇಷನ್‌ಗೆ ಹೋದ್ರೆ ಕುನ್ಮಿಂಗ್ ಕಡೆಗೆ ಚೀನಾದ ಮಾಮೂಲಿ 1,435 ಮಿಲಿಮೀಟರ್ ಗೇಜಿನ ರೈಲು ಸಿಗುತ್ತೆ. ಹಳೇ ಲೈನಲ್ಲಿ ಪ್ರಯಾಣಿಕರ ರೈಲು 2003ರಲ್ಲೇ ನಿಂತಿದೆ, ಮಳೆ ಬಂದ್ರೆ ಗುಡ್ಡ ಕುಸಿಯೋದು, ರಿಪೇರಿ ಖರ್ಚು, ಪಕ್ಕದಲ್ಲಿ ರಸ್ತೆ ಬೇರೆ ಚೆನ್ನಾಗಾಯ್ತು. ಗೂಡ್ಸ್ ಗಾಡಿ ಮಾತ್ರ ಆಮೇಲೂ ರೆನ್‌ಝಿ ಸೇತುವೆ ಮೇಲೆ ಓಡಾಡ್ಕೊಂಡಿದೆ.

ಹೊಸ ಲೈನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಯುಷಿಯಿಂದ ಮೆಂಗ್‌ಜಿಗೆ 2013ರಲ್ಲಿ, ಮೆಂಗ್‌ಜಿಯಿಂದ ಹೆಕೌಗೆ 2014ರಲ್ಲಿ ಅದು ಬಂತು, ಯುಷಿ, ತೊಂಗ್‌ಹಾಯ್, ಜಿಯಾನ್‌ಶುಯಿ, ಮೆಂಗ್‌ಜಿ ಹೀಗೆ ಹೋಗುತ್ತೆ. ಫ್ರೆಂಚರು ಮೊಟ್ಟಮೊದಲು ಸರ್ವೆ ಮಾಡಿದ್ದು ಹೆಚ್ಚುಕಮ್ಮಿ ಇದೇ ದಾರಿ! ಬೆಟ್ಟ ಕಷ್ಟ, ಜನರ ವಿರೋಧ ಬೇರೆ ಅಂತ ಅದನ್ನ ಬಿಟ್ಟು 1903ರಲ್ಲಿ ಪೂರ್ವದ ನಾನ್ಶಿ ಕಣಿವೆಗೆ ತಿರುಗಿದ್ರು. ಅವರು ಬಿಟ್ಟ ದಾರಿಯಲ್ಲಿ ನೂರು ಚಿಲ್ಲರೆ ವರ್ಷದ ಮೇಲೆ ರೈಲು ಬಂತು. ಗಡಿಯಾಚೆನೂ ಬದಲಾಗ್ತಿದೆ, ಲಾವೊ ಕಾಯ್‌ನಿಂದ ಹೈಫಾಂಗ್‌ಗೆ ಸುಮಾರು 390 ಕಿಲೋಮೀಟರ್ ಹೊಸ ಲೈನಿಗೆ ವಿಯೆಟ್ನಾಂ ಸಂಸತ್ತು 2025ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟಿದೆ, ಅದೂ 1,435 ಗೇಜ್. ಅದಾದ್ರೆ ಎರಡೂ ಕಡೆ ಹಳಿ ಒಂದೇ ಅಗಲ.

ಕೂರೋ ಆಸೆಗೆ ಜಿಯಾನ್‌ಶುಯಿಗೆ ಹೋಗಿ. ಗೆಜಿಯು ವ್ಯಾಪಾರಸ್ಥರ ಆ ಹಳೇ ಲೈನಿನ ಒಂದು ತುಂಡಲ್ಲಿ, ಊರಿಂದ ತುವಾನ್‌ಶಾನ್ ಹಳ್ಳಿವರೆಗೆ ಸುಮಾರು 13 ಕಿಲೋಮೀಟರ್, 2015ರಿಂದ ಪ್ರವಾಸಿಗರ ಪುಟ್ಟ ರೈಲು ಶುರು ಮಾಡಿದ್ದಾರೆ. ಕುನ್ಮಿಂಗ್‌ನ ಹಳೇ ಉತ್ತರ ಸ್ಟೇಷನ್ನಿನ ರೈಲ್ವೆ ಮ್ಯೂಸಿಯಂನ ಮರೀಬೇಡಿ, ಟೈರ್ ಮಾಡೋ ಮಿಷೆಲಿನ್ ಕಂಪನಿಯ ಒಂದು ರೈಲ್‌ಕಾರ್ ಅಲ್ಲಿದೆ. ದೂರದಿಂದ ಫೋಟೋ ಹೊಡೆದು ಬರಬೇಡಿ, ಹತ್ತಿರ ಹೋಗಿ ಬಗ್ಗಿ ಗಾಲಿ ನೋಡಿ, ಹಳಿ ಮೇಲೆ ಓಡೋ ಗಾಡಿಗೆ ರಬ್ಬರ್ ಟೈರು.